ಕಾಂತರಾಜುವಿನ ಬಲಗಿವಿ

ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಗಳ ಬೀದಿಯಲ್ಲಿ ಬರೀ ಕಾಂತರಾಜು ಎಂದರೆ ಯಾವ ಕಾಂತರಾಜು ಎಂದು ಕೇಳುತ್ತಿದ್ದರು. ಕಿವಿ ಕಾಂತರಾಜು ಎಂದರೆ ಅವನ ಮಂಡಿಯ ಕಡೆಗೆ ಕೈ ಮಾಡಿ ತೋರಿಸುತ್ತಿದ್ದರು. ಹೋದ ಕಾರ್ತಿಕದಲ್ಲಿ ಅವನು ತೀರಿಕೊಂಡ. ಐವತ್ತೊಂದು ವರ್ಷ.

ಅವನಿಗೆ ಇದ್ದದ್ದು ಒಂದೇ ಕಿವಿ. ಎಡಗಿವಿ ಚಿಕ್ಕಂದಿನಲ್ಲೇ ಸೋರಿ ಸೋರಿ ಕೆಟ್ಟಿತ್ತು. ಬಲಗಿವಿ ಮಾತ್ರ ಎರಡರ ಕೆಲಸ ಮಾಡುತ್ತಿತ್ತು. ತೆಂಗಿನಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂರಬೇಕು. ಒಳಗಿನ ನೀರು ಪೂರ್ತಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗಿ ಒಳಗೇ ಉರುಳಾಡಬೇಕು. ಆಗ ಸುಲಿದು ಒಡೆದರೆ ಉಂಡೆ ಕೊಬ್ಬರಿ. ಆತುರಪಟ್ಟು ಒಡೆದರೆ ತಿರುಳು ಚಿಪ್ಪಿಗೆ ಕಚ್ಚಿಕೊಂಡು ಚೂರಾಗುತ್ತದೆ, ಒಂದು ವರ್ಷದ ಕಾಯುವಿಕೆ ಮಣ್ಣಾಗುತ್ತದೆ. ಆ ದಿನ ಯಾವುದು ಎಂದು ಹೇಳುವುದಕ್ಕೆ ರೈತರು ಕಾಂತರಾಜುವನ್ನು ಕರೆಯುತ್ತಿದ್ದರು. ಅವನು ಅಟ್ಟ ಹತ್ತಿ, ಅಲ್ಲಿಂದೊಂದು ಇಲ್ಲಿಂದೊಂದು ಕಾಯಿ ಎತ್ತಿ, ಬಲಗಿವಿಯ ಹತ್ತಿರ ಅಲ್ಲಾಡಿಸಿ, "ಆಗೈತೆ" ಅನ್ನುತ್ತಿದ್ದ. ಇಲ್ಲವೆ, "ಇನ್ನೂ ನೀರೈತೆ ಕಣಣ್ಣ, ತಿಂಗ್ಳೊಪ್ಪತ್ತು ಬುಡು" ಅನ್ನುತ್ತಿದ್ದ. ಅವನು ಹೇಳಿದ ಮೇಲೆ ಯಾರೂ ಇನ್ನೊಂದು ಕಾಯಿ ಎತ್ತಿ ನೋಡುತ್ತಿರಲಿಲ್ಲ.

ಆ ಕಿವಿಗೆ ಇನ್ನೊಂದು ಕೆಲಸವಿತ್ತು. ತೊಂಬತ್ತೆರಡರಲ್ಲಿ ಹಾಸನದ ಕಾಲೇಜು ಹಾಸ್ಟೆಲಿನಲ್ಲಿ ಅವನ ಕೋಣೆಗೆ ಬಂದವನು ಹೊಳೆನರಸೀಪುರದ ವಸಿಷ್ಠ, ದೇವಸ್ಥಾನದ ಅರ್ಚಕರ ಮಗ. ಮಡಿ ಪಂಚೆಯ ಮಡಿಕೆಯಲ್ಲಿ ಒಂದು ಕ್ಯಾಸೆಟ್ ಬಚ್ಚಿಟ್ಟುಕೊಂಡು ತಂದಿದ್ದ. ಬೆಂಗಳೂರಿನ ನಾಲ್ಕು ಹುಡುಗರ ತಂಡ, ಹೆಸರು 'ಏಳನೇ ಮೈಲಿ', ಕನ್ನಡದಲ್ಲೇ ರಾಕ್ ಹಾಡುವವರು. ಮೊದಲ ಹಾಡಿಗೇ ಕಾಂತರಾಜು ಮಂಚದ ಮೇಲೆ ಎದ್ದು ಕೂತ. ವಸಿಷ್ಠನ ವಾಕ್‌ಮನ್ ವಾಪಸ್ ಕೊಡದೆ ಒಂದು ವಾರ ಸತಾಯಿಸಿದ. ಆಮೇಲೆ ಒಂದು ದಿನ ಇಬ್ಬರಿಗೂ ಜಗಳವಾಯಿತು. ಎರಡನೇ ಹಾಡಿನ ನಡುವೆ ಬರುವ ಗಿಟಾರು ಎಂಥ ಗಿಟಾರು ಎಂದು ವಸಿಷ್ಠ ಹೊಗಳುತ್ತಿದ್ದರೆ ಇವನು, "ಯಾವ್ ಗಿಟಾರ್ಲಾ? ಅಲ್ ಗಿಟಾರೇ ಇಲ್ವಲ್ಲ" ಅನ್ನುತ್ತಿದ್ದ. ವಸಿಷ್ಠನಿಗೆ ತಟ್ಟನೆ ಹೊಳೆಯಿತು. ಆ ಗಿಟಾರು ಎಡಗಡೆ ಮಾತ್ರ ಕೇಳುವಂತೆ ರೆಕಾರ್ಡ್ ಮಾಡಿದ್ದರು. ಹೆಡ್‌ಫೋನನ್ನು ತೆಗೆದು, ತಿರುಗಿಸಿ, ಎಡಗಡೆಯದನ್ನು ಗೆಳೆಯನ ಬಲಗಿವಿಗೆ ಇಟ್ಟ. ಕಾಂತರಾಜು ಬಾಯಿ ಬಿಟ್ಟುಕೊಂಡು ಕೂತಿದ್ದ. ಅಂದಿನಿಂದ ಆ ತಂಡದ ಪ್ರತಿ ಹಾಡನ್ನೂ ಅವನು ಎರಡೆರಡು ಸಲ ಕೇಳುತ್ತಿದ್ದ. ಒಂದು ಸಲ ನೇರ, ಒಂದು ಸಲ ಉಲ್ಟಾ. ಎರಡನ್ನೂ ತಲೆಯೊಳಗೆ ಜೋಡಿಸಿಕೊಳ್ಳುತ್ತಿದ್ದ.

ಏಳನೇ ಮೈಲಿಯವರು ನಾಲ್ಕು ಆಲ್ಬಮ್ ಮಾಡಿ, ಎರಡು ಸಾವಿರದ ಆರರಲ್ಲಿ ಜಗಳವಾಡಿ ಚದುರಿಹೋದರು. ಆಮೇಲೆ ಹದಿನೇಳು ವರ್ಷ ಸದ್ದಿಲ್ಲ. ಜಿಲ್ಲೆಯಲ್ಲಿ ಉಳಿದ ಮೂವತ್ತೊಂದು ಅಭಿಮಾನಿಗಳು 'ಮೈಲಿಗಲ್ಲು' ಎಂಬ ವಾಟ್ಸಾಪ್ ಗುಂಪಿನಲ್ಲಿ ಹಳೇ ಹಾಡು ಹಾಕಿಕೊಂಡು ಕಾಲ ಕಳೆಯುತ್ತಿದ್ದರು. ಅರಕಲಗೂಡಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಅನಿಲ್‌ಕುಮಾರ್ ಅದರ ಅಡ್ಮಿನ್. ಇಪ್ಪತ್ಮೂರರ ನವೆಂಬರಿನಲ್ಲಿ ಅವನ ಧ್ವನಿ ಸಂದೇಶ ಬಂತು. "ಗೆಳೆಯರೇ, ಕೂತ್ಕೊಂಡಿದ್ರೆ ಎದ್ ನಿಂತ್ಕಳಿ. ನಮ್ ಮುದುಕ್ರು ಒಂದಾಗವ್ರೆ. ಫೆಬ್ರವರಿಗೆ ಹೊಸ ಆಲ್ಬಮ್!"

ಕಾಂತರಾಜು ಆ ಸಂದೇಶವನ್ನು ನಾಲ್ಕು ಸಲ ಹಾಕಿ ಕೇಳಿದ. ಸಂತೋಷಕ್ಕಲ್ಲ. ಮಾತು ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲ.

ಆರು ತಿಂಗಳಿಂದ ಹಾಗೇ ಆಗುತ್ತಿತ್ತು. ಜನ ಬಾಯೊಳಗೇ ಮಾತಾಡುತ್ತಾರೆ ಎಂದುಕೊಂಡಿದ್ದ. ಹಿಟ್ಟಿನ ಗಿರಣಿ ನಿಲ್ಲಿಸದೆ ಹೋದ ಹಾಗೆ ಕಿವಿಯೊಳಗೆ ಗುಂಯ್ ಅನ್ನುವ ಸದ್ದು. ಅಟ್ಟದಿಂದ ಇಳಿಯುವಾಗ ಎರಡು ಸಲ ತಲೆ ತಿರುಗಿತ್ತು. ಡಿಸೆಂಬರಿನಲ್ಲಿ ಯಾರಿಗೂ ಹೇಳದೆ ಹಾಸನಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದ. ಡಾಕ್ಟರು ನಿಧಾನವಾಗಿ, ಜೋರಾಗಿ ಹೇಳಿದರು.

"ಕಿವಿಯ ನರದ ಮೇಲೆ ಗೆಡ್ಡೆ ಇದೆ. ಕ್ಯಾನ್ಸರ್ ಅಲ್ಲ. ಆದ್ರೆ ಮೆದುಳಿನ ಕಡೆಗೆ ಬೆಳೀತಾ ಇದೆ. ಬೆಂಗಳೂರಲ್ಲಿ ತೆಗೆಸಬೇಕು."

"ತೆಗ್ಸುದ್ರೆ ಸರಿಯಾಗ್ ಕೇಳ್ಸತ್ತಾ ಸಾ?"

"ತೆಗೆದ್ರೆ ಆ ಕಿವಿ ಹೋಗುತ್ತೆ."

"ಇನ್ನೊಂದಿಲ್ಲ ಸಾ ನಂಗೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ತೆಗೆಸದಿದ್ದರೂ ಕಿವಿ ಉಳಿಯುವುದಿಲ್ಲ, ಆಮೇಲೆ ಜೀವವೂ ಉಳಿಯುವುದಿಲ್ಲ ಎಂದರು. ಮೂರು ತಿಂಗಳಿಗಿಂತ ತಡ ಮಾಡಬೇಡಿ ಎಂದರು.

ಮೂರು ತಿಂಗಳು. ಆಲ್ಬಮ್ ಬರುವುದು ಫೆಬ್ರವರಿಗೆ. ಕೇಳಿ ಮುಗಿಸಿ ಹೋಗಬಹುದು. ಬಸ್ಸಿನಲ್ಲಿ ಕೂತಾಗ ಅವನಿಗೆ ಬೇರೆ ಯಾವ ಯೋಚನೆಯೂ ಬರಲಿಲ್ಲ. ಮನೆಗೆ ಬಂದು ಹೆಂಡತಿ ನಾಗಲಕ್ಷ್ಮಿಗೆ, "ಗುಗ್ಗೆ ಕಟ್ಕೊಂಡೈತಂತೆ. ಎಣ್ಣೆ ಬುಡಕ್ಕೇಳವ್ರೆ" ಎಂದ. ಅವಳು ದಿನಾ ಸಂಜೆ ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಮಾಡಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿವಿಗೆ ಬಿಡುತ್ತಿದ್ದಳು. ಅವನು ಕಣ್ಣು ಮುಚ್ಚಿ ಮಲಗಿರುತ್ತಿದ್ದ.

ಫೆಬ್ರವರಿಯಲ್ಲಿ ಅನಿಲ್‌ಕುಮಾರನ ಸಂದೇಶ ಬಂತು. ಡ್ರಮ್ ಬಾರಿಸುವವರಿಗೆ ಮಂಡಿನೋವಂತೆ, ಆಲ್ಬಮ್ ಜೂನಿಗೆ. ಗುಂಪಿನ ತುಂಬ ತಮಾಷೆ. "ಮಂಡಿನೋವಾದ್ರೆ ನಮ್ ಕಾಂತಣ್ಣನ ಮಂಡಿಗೆ ಬರಕ್ಕೇಳಿ, ಎಣ್ಣೆ ಆಕ್ಸನ" ಎಂದು ಯಾರೋ ಬರೆದರು. ಕಾಂತರಾಜು ಮಾತ್ರ ತಂಡದ ಪುಟಕ್ಕೆ ಹೋಗಿ, "ಸಾರ್, ಬೇಗ ಬಿಡಿ. ಇಲ್ಲಿ ಒಬ್ಬರಿಗೆ ಸಮಯ ಇಲ್ಲ" ಎಂದು ಬರೆದ. ಒಂದು ಕೆಂಪು ಹೃದಯದ ಚಿತ್ರ ಉತ್ತರವಾಗಿ ಬಂತು.

ಅವತ್ತು ಅವನು ವಸಿಷ್ಠನಿಗೆ ಎಲ್ಲ ಹೇಳಿದ. ವಸಿಷ್ಠ ಆಗ ಹೊಳೆನರಸೀಪುರದಲ್ಲಿ ಲೆಕ್ಕದ ಮೇಷ್ಟ್ರು. ಫೋನಿನಲ್ಲೇ ಕೂಗಾಡಿದ. "ಬುದ್ಧಿ ಇದೆಯೇನೋ ನಿಂಗೆ? ಅವರು ಹದಿನೇಳು ವರ್ಷ ಸೋಮಾರಿಗಳಾಗಿ ಬಿದ್ದಿದ್ದೋರು. ಅವರನ್ನ ನಂಬ್ಕೊಂಡು ಗೆಡ್ಡೆ ಸಾಕ್ತೀಯಾ?"

"ಜೋರಾಗ್ ಮಾತಾಡಿ ಅಯ್ನೋರೆ, ಕೇಳಕಿಲ್ಲ" ಎಂದ ಕಾಂತರಾಜು. ಕಾಲೇಜಿನ ಕಾಲದಿಂದ ಅವನು ವಸಿಷ್ಠನನ್ನು ಹಾಗೇ ಕರೆದು ರೇಗಿಸುತ್ತಿದ್ದ. ಆಮೇಲೆ ದನಿ ತಗ್ಗಿಸಿ, "ನಾಗಿಗೆ ಏಳ್ಬ್ಯಾಡ ಕಣ್ಲಾ, ನಿನ್ ದಮ್ಮಯ್ಯ" ಎಂದ.

ಆದರೆ ಅವನಿಗೇ ಗೊತ್ತಿತ್ತು. ಆಲ್ಬಮ್ ಮುಂದೆ ಹೋಯಿತು ಎಂದು ತಿಳಿದಾಗ ಎದೆಯಲ್ಲಿ ಮೊದಲು ಎದ್ದದ್ದು ದುಃಖವಲ್ಲ, ಬಚಾವಾದೆ ಎಂಬ ಭಾವ. ಅದರ ಬಗ್ಗೆ ನಾಚಿಕೆಯಾಯಿತು. ಹಾಡು ಬರದಿದ್ದರೆ ಆಪರೇಷನ್ನಿಗೆ ಹೋಗಬೇಕಾಗಿಲ್ಲ. ಆಪರೇಷನ್ನಿನ ಆಚೆ ಏನಿದೆ ಎಂದು ಯೋಚಿಸುವುದಕ್ಕೇ ಹೆದರುತ್ತಿದ್ದ. ಕುರುಡರು ಕೋಲು ಹಿಡಿದು ನಡೆಯುವುದನ್ನು ನೋಡಿದ್ದ. ಪೂರ್ತಿ ಕಿವುಡನಾದವನು ಏನು ಹಿಡಿದು ನಡೆಯುತ್ತಾನೆ?

ದಿನಾ ಬೆಳಿಗ್ಗೆ ಎದ್ದ ಕೂಡಲೆ ಹಾಸಿಗೆಯಲ್ಲೇ ಕೂತು ಪರೀಕ್ಷೆ ಮಾಡಿಕೊಳ್ಳುತ್ತಿದ್ದ. ನಲ್ಲಿ ತೊಟ್ಟಿಕ್ಕುವುದು ಏಪ್ರಿಲಿನಲ್ಲಿ ಹೋಯಿತು. ಮಾವಿನಮರದ ಹಕ್ಕಿಗಳು ಯಾವಾಗ ಹೋದವೋ ಗೊತ್ತಾಗಲಿಲ್ಲ. ಅವು ಕೂಗಲು ಕೊಕ್ಕು ತೆರೆಯುವುದು ಮಾತ್ರ ಕಾಣುತ್ತಿತ್ತು. ಒಂದು ದಿನ ಕುಕ್ಕರಿನಿಂದ ಆವಿ ಚಿಮ್ಮುತ್ತಿರುವುದನ್ನು ನೋಡಿದ, ಸೀಟಿ ಇಲ್ಲ. ಅಡಿಗೆಮನೆಯ ಬಾಗಿಲಲ್ಲೇ ಗೋಡೆ ಹಿಡಿದು ನಿಂತುಬಿಟ್ಟ. ಜೂನಿನಲ್ಲಿ ಆಲ್ಬಮ್ ಆಗಸ್ಟಿಗೆ ಹೋಯಿತು.

ಜುಲೈಯಲ್ಲಿ ಶಾಂತಿಗ್ರಾಮದ ಕೆಂಪಣ್ಣ ಕರೆದ. ಬಸ್ಸಿಳಿದು ಹೆದ್ದಾರಿ ದಾಟುವಾಗ ಲಾರಿಯೊಂದು ಅವನ ಅಂಗಿಯನ್ನು ಸವರಿಕೊಂಡು ಹೋಯಿತು. ಡ್ರೈವರು ಕೈ ಎತ್ತಿ ಬಯ್ಯುತ್ತಿದ್ದುದು ಕಂಡಿತೇ ಹೊರತು ಹಾರನ್ ಅವನಿಗೆ ಕೇಳಿಸಿರಲೇ ಇಲ್ಲ. ಹಾಗೇ ಹೋಗಿ ಕೆಂಪಣ್ಣನ ಅಟ್ಟ ಹತ್ತಿದ. ಕಾಯಿ ಎತ್ತಿ ಅಲ್ಲಾಡಿಸಿದ. ಉಂಡೆ ಚಿಪ್ಪಿಗೆ ಬಡಿಯುವ ದಪ್ಪ ಸದ್ದು ಕೇಳಿಸಿತು. ನೀರಿನ ಸದ್ದಿಲ್ಲ. ಇನ್ನೊಂದು ಎತ್ತಿದ. ಅದೂ ಹಾಗೇ.

"ಆಗೈತೆ ಕೆಂಪಣ್ಣ. ಒಡುಸ್ಬುಡು" ಎಂದ.

ನೀರು ಇತ್ತು. ಒಣಗಲು ಬಂದ ಕಾಯಿಯಲ್ಲಿ ಉಳಿಯುವ ಒಂದು ಗುಟುಕು ನೀರಿನ ಸದ್ದು ಸಣ್ಣದು, ತೆಳ್ಳಗಿನದು. ಅಂಥ ಸದ್ದುಗಳು ಅವನ ಕಿವಿಯಿಂದ ಆಗಲೇ ಹೊರಟುಹೋಗಿದ್ದವು.

ನಾಲ್ಕು ದಿನ ಬಿಟ್ಟು ಕೆಂಪಣ್ಣ ಮಂಡಿಗೆ ಬಂದು, ಚೀಲ ಬೋರಲು ಹಾಕಿ, ಅಂಟಂಟಾದ ಕೊಬ್ಬರಿ ಚೂರುಗಳನ್ನು ಅವನ ಕಾಲ ಮುಂದೆ ಸುರಿದ. "ಏನ್ಲಾ ಇದು? ಕಿವಿ ಎಲ್ ಮಡಗ್ಬುಟ್ ಬಂದಿದ್ದೆ ಅವತ್ತು? ಅಟ್ಟಕ್ಕಟ್ಟವೇ ಆಳಾಯ್ತಲ್ಲೋ!"

ಕಾಂತರಾಜು ಅವನ ತುಟಿಯನ್ನೇ ನೋಡುತ್ತಿದ್ದ. "ಎಂಟಟ್ಟವಾ? ನಿಂದು ಒಂದೇ ಅಟ್ಟ ಅಲ್ವಾ ಕೆಂಪಣ್ಣ?" ಎಂದ.

ಸುತ್ತ ನಿಂತವರು ನಕ್ಕರು. ಕೆಂಪಣ್ಣ ನಗಲಿಲ್ಲ. ಇವನ ಬೆನ್ನ ಹಿಂದೆ ಹೋಗಿ, "ಲೋ ಕಾಂತರಾಜ" ಎಂದು ಕರೆದ. ಇನ್ನೊಂದು ಸಲ, ಜೋರಾಗಿ. ಕಾಂತರಾಜು ಚೂರುಗಳನ್ನು ನೋಡುತ್ತಾ ನಿಂತೇ ಇದ್ದ. ಕೆಂಪಣ್ಣ ಮುಂದೆ ಬಂದು ಅವನ ರಟ್ಟೆ ಹಿಡಿದುಕೊಂಡು ಮನೆಗೆ ಕರೆದುಕೊಂಡು ಹೋಗಿ ನಾಗಲಕ್ಷ್ಮಿಗೆ ಹೇಳಿದ. "ಇವ್ನಿಗೆ ಕಿವಿ ಕೇಳಕಿಲ್ಲ ಕಣವ್ವ. ಮೊದ್ಲು ಎಲ್ಲಾರ ತೋರ್ಸು. ನನ್ ಕೊಬ್ರಿ ಮಾತು ಆಮ್ಯಾಕೆ."

ನಾಗಲಕ್ಷ್ಮಿ ಬೀರು ತೆಗೆದು ತಡಕಾಡಿ, ಅವನ ಪ್ಯಾಂಟುಗಳ ಕೆಳಗಿಂದ ಸ್ಕ್ಯಾನಿನ ದೊಡ್ಡ ಕವರನ್ನು ಹೊರಗೆಳೆದಳು. ತಾರೀಖು ನೋಡಿದಳು.

"ಏಳ್ ತಿಂಗ್ಳು" ಎಂದಳು, ಅವನಿಗೆ ಕೇಳುವ ಹಾಗೆ. "ಏಳ್ ತಿಂಗ್ಳು ನನ್ ಕೈಲಿ ಎಣ್ಣೆ ಬುಡುಸ್ಕಂಡ್ರಲ್ಲ!"

ಹಾಡಿನ ವಿಷಯವೂ ಹೊರಬಂತು. ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. "ಹಾಡ್ಗೋಸ್ಕರನಾ? ಯಾರೋ ನಾಕ್ ಜನ ಮುದುಕ್ರು ಕಿರ್ಚದಕ್ಕೆ ಜೀವ ಪಣಕ್ಕಿಟ್ರಾ?"

"ಕಡೇದಾಗಿ ಏನಾರ ಒಂದು ಕೇಳ್ಬೇಕಲ್ಲ ನಾಗಿ. ಏನ್ ಕೇಳ್ಳಿ?"

"ನನ್ ದನಿ ಕೇಳಿ."

"ನಿನ್ ದನಿ ನಂಗೆ ಬಾಯಿಪಾಠ ಕಣೆ" ಎಂದ ಕಾಂತರಾಜು. "ಆ ಹಾಡು ಇನ್ನೂ ಕೇಳಿಲ್ವಲ್ಲ."

ಅವಳು ಅತ್ತಳು, ಬೈದಳು, ಎರಡು ದಿನ ಮಾತು ಬಿಟ್ಟಳು. ಆಗಸ್ಟಿನ ಕೊನೆಗೆ ಅವನನ್ನು ಬೆಂಗಳೂರಿಗೆ ಎಳೆದುಕೊಂಡೇ ಹೋದಳು. ಗೆಡ್ಡೆ ದೊಡ್ಡದಾಗಿದೆ, ಇನ್ನು ಒಂದು ವಾರವೂ ತಡ ಬೇಡ ಎಂದರು ಅಲ್ಲಿಯ ಡಾಕ್ಟರು. ದಿನ ಗೊತ್ತು ಮಾಡಿದರು. ಆ ದಿನ ಬೆಳಿಗ್ಗೆ ಕಾಂತರಾಜು ಮನೆಯಲ್ಲಿರಲಿಲ್ಲ. ದೊಡ್ಡಗದ್ದವಳ್ಳಿಯ ಕೆರೆ ಏರಿಯ ಮೇಲೆ ಒಬ್ಬನೇ ಕೂತಿದ್ದ. ಹುಡುಕಿಕೊಂಡು ಬಂದ ವಸಿಷ್ಠನಿಗೆ, "ಇನ್ನೊಂದ್ ತಿಂಗ್ಳು ಕಣ್ಲಾ. ಆಲ್ಬಮ್ ಅಕ್ಟೋಬರ್‌ಗೆ ಅಂದವ್ರೆ" ಎಂದ. ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಚಳಿ ಇರಲಿಲ್ಲ.

ಅಕ್ಟೋಬರಿನ ಮೂರನೇ ಶುಕ್ರವಾರ ಆಲ್ಬಮ್ ನಿಜವಾಗಿಯೂ ಬಂತು. ವಸಿಷ್ಠ ರಜೆ ಹಾಕಿ, ಒಳ್ಳೆಯ ಹೆಡ್‌ಫೋನ್ ತೆಗೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಬಂದ. ಒಂಬತ್ತು ಹಾಡು. ಕಾಂತರಾಜು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ.

ನೇರವಾಗಿ ಹಾಕಿಕೊಂಡು ಕೇಳಿದ. ಯಾರೋ ಪಕ್ಕದ ಮನೆಯ ಗೋಡೆಯನ್ನು ಗುದ್ದುತ್ತಿರುವ ಹಾಗೆ ದಬ್ ದಬ್ ಸದ್ದು, ಅದರ ಮೇಲೆ ಗುಂಯ್. ಹಾಡುವವನ ದನಿ ಬಾವಿಯ ತಳದಲ್ಲಿ ಎಲ್ಲೋ ಇತ್ತು, ಒಂದು ಪದವೂ ಮೇಲೆ ಬರಲಿಲ್ಲ. ಉಲ್ಟಾ ಹಾಕಿಕೊಂಡ. ಅದೇ ದಬ್ ದಬ್. ಮೂರನೇ ಹಾಡಿಗೆ ಹೆಡ್‌ಫೋನ್ ತೆಗೆದು ವಸಿಷ್ಠನ ಕೈಗಿಟ್ಟ.

"ನೀ ಕೇಳು. ಪೂರ್ತಿ ಕೇಳ್ಬುಟ್ಟು, ಎಂಗೈತೆ ಅಂತ ನಿಜ ಏಳು."

ವಸಿಷ್ಠ ಪರೀಕ್ಷೆಯ ಕೋಣೆಯಲ್ಲಿ ಕಾವಲು ಕೂರುವ ಮುಖ ಮಾಡಿಕೊಂಡು ಕುರ್ಚಿಯಲ್ಲಿ ಕೂತ. ಮುಕ್ಕಾಲು ಗಂಟೆ. ಕಾಂತರಾಜು ಎದುರಿಗೆ ನೆಲದ ಮೇಲೆ ಕೂತು ನೋಡುತ್ತಲೇ ಇದ್ದ. ಕೊನೆಗೆ ವಸಿಷ್ಠ ಹೆಡ್‌ಫೋನ್ ತೆಗೆದು, ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ದಪ್ಪ ಅಕ್ಷರದಲ್ಲಿ ಬರೆದು ತೋರಿಸಿದ. 'ಏನೂ ಇಲ್ಲ. ಮುದುಕರಾಗಿದ್ದಾರೆ, ದನಿ ಹೋಗಿದೆ. ನೀನು ಕಳಕೊಂಡದ್ದು ಏನೂ ಇಲ್ಲ. ಇನ್ನಾದರೂ ಆಸ್ಪತ್ರೆಗೆ ನಡಿ.'

ಕಾಂತರಾಜು ಹಾಳೆಯನ್ನು ಎರಡು ಸಲ ಓದಿ, ಮಡಿಸಿ ಜೇಬಿಗಿಟ್ಟುಕೊಂಡ. "ಅಷ್ಟೇನಾ? ಥೂ, ಇದ್ಕಾ ಒಂದ್ ವರ್ಷ ಕಾಯ್ದಿದ್ದು" ಎಂದು ನಕ್ಕ. ವಸಿಷ್ಠನನ್ನು ಸಂಜೆಯ ಬಸ್ಸಿಗೆ ಹತ್ತಿಸಿ ಬಂದ.

ಆಪರೇಷನ್ ಆಗಿ ಒಂಬತ್ತು ದಿನಕ್ಕೆ ಅವನು ಹೋದ. ಗೆಡ್ಡೆ ಮೆದುಳಿಗೆ ಅಂಟಿಕೊಂಡುಬಿಟ್ಟಿತ್ತಂತೆ. ಹನ್ನೊಂದರ ಕಾರ್ಯ ಮುಗಿದ ಮೇಲೆ ನಾಗಲಕ್ಷ್ಮಿ ವಸಿಷ್ಠನನ್ನು ಪಕ್ಕಕ್ಕೆ ಕರೆದು ಆ ಶುಕ್ರವಾರದ ಸಂಜೆ ಏನಾಯಿತು ಎಂದು ಹೇಳಿದಳು.

ಬಸ್‌ಸ್ಟ್ಯಾಂಡಿನಿಂದ ಬಂದವನು ನೇರ ಅಡಿಗೆಮನೆಗೆ ಹೋಗಿ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ.

"ಅಯ್ನೋರು ಸುಳ್ಳೇಳುದ್ರು ನಾಗಿ" ಎಂದಿದ್ದ. "ಮುಖಾನ ಬಿಗಿಯಾಗ್ ಇಟ್ಕಂಡಿದ್ದ. ಕಾಲು ಮರ್ತೋಗಿದ್ದ. ಆರನೇ ಹಾಡಿಂದ ಬಲಗಾಲು ನೆಲಕ್ ಬಡೀತಾನೇ ಇತ್ತು, ನಿಲ್ಲಲೇ ಇಲ್ಲ. ಭಾಳ ಚೆನ್ನಾಗ್ ಮಾಡವ್ರೆ ಅಂತ ಕಾಣ್ತದೆ."

"ಅಂಗಾರೆ ಅವ್ರುನ್ನ ಕೇಳ್ಬೇಕಾಗಿತ್ತು ನೀವು, ಯಾಕ್ ಸುಳ್ಳೇಳಿದ್ರಿ ಅಂತ" ಎಂದಿದ್ದಳು ಅವಳು, ಅವನು ತುಟಿ ನೋಡಿ ತಿಳಿಯುವ ಹಾಗೆ ನಿಧಾನವಾಗಿ.

"ಪಾಪ, ಅಷ್ಟ್ ಕಷ್ಟಪಟ್ಟು ಏಳವ್ನೆ. ಇರ್ಲಿ ಬುಡು."

ಆಮೇಲೆ ಅವಳ ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡ.

"ಸೋಮ್ವಾರ ಅಂತ ಏಳಿದ್ದೆ ಅಲ್ವಾ ಬೆಂಗ್ಳೂರಿಗೆ? ಬ್ಯಾಡ. ನಾಳೆ ಬೆಳಿಗ್ಗೇನೇ ಓಗನ. ಭಯ ಆಯ್ತದೆ ಕಣೆ. ಸೋಮ್ವಾರದ್ ಗಂಟ ಇದ್ರೆ ನಾನು ಇನ್ನೆಲ್ಲಾರ ಓಡೋಯ್ತೀನಿ."