ಸೋಮವಾರದ ಬಿಸಿಲು

ಸೋಲಾರ್ ಹಾಕಿಸಿದರೆ ಲಾಭವೇ ಎಂದು ಶಾಲೆಯಲ್ಲಿ ಎಲ್ಲರೂ ನನ್ನನ್ನೇ ಕೇಳುತ್ತಾರೆ. ಗಣಿತದ ಟೀಚರ್, ಲೆಕ್ಕ ತಪ್ಪಲಾರಳು ಎಂಬ ನಂಬಿಕೆ. ಲಾಭವೇ ಎನ್ನುತ್ತೇನೆ. ಪ್ಯಾನೆಲ್ಲಿಗೆ ಇಪ್ಪತ್ತೈದು ವರ್ಷ ಆಯುಷ್ಯ, ಏಳೆಂಟು ವರ್ಷದಲ್ಲಿ ಹಾಕಿದ ದುಡ್ಡು ವಾಪಸು, ಆಮೇಲಿನ ಬಿಸಿಲೆಲ್ಲ ಪುಗಸಟ್ಟೆ. ಪಾಠ ಒಪ್ಪಿಸಿದ ಹಾಗೆ ಹೇಳಿ ಮುಗಿಸುತ್ತೇನೆ.

ಕೊಟ್ಟೂರಿನ ನನ್ನ ಮನೆಯ ಮಾಳಿಗೆಗೆ ಅವನ್ನು ಹಾಕಿಸಿದಾಗ ಅಪ್ಪ ನನ್ನ ಜೊತೆಗಿದ್ದ. ಕೂಡ್ಲಿಗಿ ಕಡೆಯ ಹಳ್ಳಿಯಲ್ಲಿ ಕುರಿ ಕಾಯ್ದು, ಎರಡೆತ್ತಿನ ಬೇಸಾಯ ಮಾಡಿ ಬಂದವನು. ಹಾಕುವವರನ್ನು ಒಂದೇ ಮಾತು ಕೇಳಿದ: "ಇವು ಯಾವಾಗ ನಿಂದರ್ತಾವ್ರಿ?"

"ಬಿಸಿಲು ಇರೋತನಕ ನಿಲ್ಲಂಗಿಲ್ರಿ ಯಜಮಾನ್ರ."

ಅಪ್ಪ ಸುಮ್ಮನಾದ. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ದಿನದಿನದ ಕರೆಂಟಿನ ಲೆಕ್ಕ ಫೋನಿಗೇ ಬರುತ್ತಿತ್ತು, ಎರಡನೆಯ ತಿಂಗಳಿಗೆ ಅದರಲ್ಲಿ ವಿಚಿತ್ರವೊಂದು ಕಂಡಿತು. ಆರು ದಿನ ಕರೆಂಟ್ ಚೆನ್ನಾಗಿ ಬರುತ್ತಿತ್ತು, ಸೋಮವಾರ ಮಾತ್ರ ಇಲ್ಲವೇ ಇಲ್ಲ. ಹಾಕಿದವರಿಗೆ ಫೋನಿನಲ್ಲೇ ನೀರಿಳಿಸಿದೆ. ಪಾಪ, ಎರಡು ಸಲ ಬಂದರು, ಎರಡು ಸಲವೂ ಸೋಮವಾರ ಬಿಟ್ಟು ಬೇರೆ ದಿನ. "ಎಲ್ಲಾ ಬರೋಬ್ಬರಿ ಐತ್ರಿ ಮೇಡಂ" ಎಂದು ಹೋದರು.

ಒಂದು ಸೋಮವಾರ ಜ್ವರ ಬಂದಂತಾಗಿ, ಹಗರಿಬೊಮ್ಮನಹಳ್ಳಿಯ ಶಾಲೆಯಿಂದ ಮಧ್ಯಾಹ್ನವೇ ಬಸ್ಸು ಹತ್ತಿ ಬಂದೆ. ಅಪ್ಪ ಕೆಳಗಿಲ್ಲ. ಮೇಲೆ ಹೋದರೆ, ಪ್ಯಾನೆಲ್ಲುಗಳಿಗೆಲ್ಲ ಊರಿಂದ ತಂದ ಕರಿ ಕಂಬಳಿ ಹೊದಿಸಿ ಹಗ್ಗ ಬಿಗಿದು, ನೀರಿನ ಟ್ಯಾಂಕಿನ ನೆರಳಲ್ಲಿ ಕೂತಿದ್ದ.

"ಸೋಮಾರ ಎತ್ತಿನ ಹೆಗಲಿಗೆ ನೊಗ ಇಡ್ತೀವೇನವ್ವ? ಬಸವಣ್ಣನ ವಾರ. ಇವೂ ದುಡಿಯೋವ. ಒಂದಿನ ಮಲಗಲಿ, ಬಾಳಿಕಿ ಬರ್ತಾವ."

ನಗಬೇಕಿತ್ತು, ನಗಲಿಲ್ಲ. ಇಪ್ಪತ್ತೈದು ವರ್ಷದ ಸೋಮವಾರಗಳನ್ನೆಲ್ಲ ಕೂಡಿಸಿ, ಮೂರೂವರೆ ವರ್ಷದ ಬಿಸಿಲು ಹಾಳು ಎಂದು ಗಿಳಿಗೆ ಹೇಳಿದಂತೆ ಹೇಳಿದೆ. "ಇವು ಎತ್ತಲ್ಲಪ್ಪ, ಗಾಜು." ಕಂಬಳಿ ಬಿಚ್ಚಿ, ಹೊರಗಿನ ಮೆಟ್ಟಿಲ ತುದಿಯ ಬಾಗಿಲಿಗೆ ಬೀಗ ಜಡಿದು, ಕೀಲಿ ಬ್ಯಾಗಿಗೆ ಹಾಕಿಕೊಂಡೆ. ಅಂದಿನಿಂದ ಫೋನಿನಲ್ಲಿ ಏಳೂ ದಿನ ಸರಿಸಮವಾದವು.

ಅಪ್ಪ ಆ ಚಳಿಗಾಲ ದಾಟಲಿಲ್ಲ. ಮಣ್ಣು ಮಾಡಿದೆವು, ದಿನ ಮಾಡಿದೆವು, ರಜೆ ಮುಗಿಯಿತು, ಶಾಲೆಗೆ ಹೋದೆ. ಅಳು ಬರಲಿಲ್ಲ. ಬಂದವರು ಗಟ್ಟಿ ಹೆಂಗಸು ಎಂದರು. ಗಟ್ಟಿಯೂ ಅಲ್ಲ, ಎಂಥದೂ ಅಲ್ಲ. ಜೋಮು ಹಿಡಿದ ಕಾಲನ್ನು ಮುಟ್ಟಿದರೂ ತಿಳಿಯುವುದಿಲ್ಲವಲ್ಲ, ಹಾಗಿದ್ದೆ.

ಧೂಳು ಕೂತು ಕರೆಂಟ್ ಇಳಿದಿತ್ತು. ಒಂದು ಭಾನುವಾರ ಪ್ಯಾನೆಲ್ ತೊಳೆಯಲು ಬಕೆಟ್ ಹಿಡಿದು ಹತ್ತಿದೆ. ಬೀಗದ ಬಾಗಿಲ ಮುಂದೆ, ಕೊನೆಯ ಮೆಟ್ಟಿಲ ಮೇಲೆ ಮಡಿಸಿಟ್ಟ ಕರಿ ಕಂಬಳಿಯೊಂದಿತ್ತು. ಕೂತು ಕೂತು ನಡುವೆ ತಗ್ಗಾಗಿತ್ತು.

ಪಕ್ಕದ ಮನೆಯಾಕೆ ಅಂಗಳದಿಂದಲೇ ಹೇಳಿದಳು: "ನಿಮ್ಮಪ್ಪ ಕುಂದರ್ತಿದ್ದ ಜಾಗ ರೀ ಅದು. ಸೋಮಾರ ನೀವು ಸಾಲಿಗೆ ಹೋದ ಮ್ಯಾಲೆ ಹತ್ತಿ, ಸಂಜಿತನಕ ಅಲ್ಲೇ. ಯಾಕಜ್ಜ ಬಿಸಿಲಾಗ ಅಂದ್ರ, ದುಡಿಯೋವಕ್ಕ ಜೊತಿ ಅದೀನಿ ಅಂತಿದ್ದ."

ಬೀಗ ತೆಗೆದು ಮಾಳಿಗೆಗೆ ಹೋದೆ. ಪ್ಯಾನೆಲ್ಲುಗಳನ್ನು ತೊಳೆದೆ. ಮರುದಿನ ಸೋಮವಾರ, ಅಂದೂ ಕರೆಂಟ್ ಚೆನ್ನಾಗಿಯೇ ಬಂತು.

ಇಪ್ಪತ್ತೈದು ವರ್ಷದ ಸೋಮವಾರಗಳನ್ನು ಲೆಕ್ಕ ಹಾಕಿ ಅವನ ಮುಂದೆ ಇಟ್ಟಿದ್ದೆ. ಆಮೇಲೆ ಬದುಕಿದ್ದಷ್ಟು ದಿನಕ್ಕೆ ಅಪ್ಪನಿಗೆ ಬೇಕಾಗಿದ್ದದ್ದು ಇಪ್ಪತ್ತೋ ಇಪ್ಪತ್ತೆರಡೋ ಸೋಮವಾರ.