ಚಿಮಣಿ ಹತ್ತದ ಬಾಟಲಿ

ಅವರ ಮೂಗು ಅವರಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಿತ್ತು. ಅದರ ಮೇಲೊಂದು ಕೆಂಪು ಹರಳಿನ ಮೂಗುಬೊಟ್ಟು. ಸಿಟ್ಟು ಬಂದರೆ ಮೊದಲು ಅಲುಗುತ್ತಿದ್ದುದು ಅದೇ. ಸ್ಟಾಫ್ ರೂಮಿಗೆ ಕಾಲಿಟ್ಟವರೇ ಯಾರ ಡಬ್ಬಿಯಲ್ಲಿ ಯಾವ ಪಲ್ಯ ಎಂದು ಹೇಳಿಬಿಡುವರು. ಶಿಕಾರಿಪುರದ ನಮ್ಮ ಕಾಲೇಜಿನಲ್ಲಿ ಅವರು ಕೆಮಿಸ್ಟ್ರಿ ಮೇಡಂ, ನಾನು ಕನ್ನಡ ಪಾಠ ಮಾಡುವವನು. ಅಂಥ ಚುರುಕು ಮೂಗಿದ್ದೂ ಅದನ್ನವರು ನಂಬುತ್ತಿರಲಿಲ್ಲ. "ಮೂಗಿಗೆ ಸಿಟ್ಟಿರುತ್ತೆ ಕಣ್ರೀ, ಬಾಟ್ಲಿಗಿರಲ್ಲ" ಎನ್ನುವರು.

ತೊಂಬತ್ತರ ದಶಕ. ಸೊರಬದ ರಸ್ತೆಯ ಒಂದು ಹಳ್ಳಿಯ ಪಕ್ಕ, ಎಲ್ಲೆಲ್ಲಿಂದಲೋ ಲಾರಿಯಲ್ಲಿ ಬರುವ ಕಾರ್ಖಾನೆಗಳ ಕಸ ಸುಡುವ ಕುಲುಮೆ ಶುರುವಾಯಿತು. ಹೊಗೆ ನೇರ ಶಾಲೆಯ ಮೇಲೆ. ಮಕ್ಕಳು ಕಣ್ಣುಜ್ಜಿಕೊಂಡೇ ಮಗ್ಗಿ ಹೇಳುತ್ತಿದ್ದವು. "ನಿಮ್ಮ ಕೊಟ್ಟಿಗೆ ವಾಸ್ನೇನ ನಮ್ಮ ತಲೆಗೆ ಕಟ್ತೀರೇನ್ರೀ?" ಎಂದು ಮಾಲೀಕ ದಬಾಯಿಸಿದ. ಊರವರು ನಮ್ಮ ಮೇಡಂ ಅವರನ್ನು ಕರೆತಂದರು. ಜಗಳ ಬೆಳೆದು ಕೊನೆಗೆ, ಕಣ್ಣುರಿಸುವ ಅಮೋನಿಯ ಅನಿಲ ಚಿಮಣಿಯಿಂದಲೇ ಬರುತ್ತಿದೆ ಎಂದು ಮೇಡಂ ಅಳೆದು ತೋರಿಸಿದರೆ ಬೆಂಕಿ ಆರಿಸುತ್ತೇನೆ ಎಂದು ಊರವರ ಎದುರೇ ಒಪ್ಪಿಕೊಂಡ.

ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದರು. ಚಿಮಣಿಯ ತೂತಿಗೆ ನಳಿಗೆ ಇಟ್ಟು, ಕೈಪಂಪಿನಿಂದ ಹೊಗೆ ಎಳೆದು, ಬಾಟಲಿಯಲ್ಲಿದ್ದ ತೆಳು ಆಸಿಡ್ಡಿನೊಳಗೆ ಹಾಯಿಸಬೇಕು. ಪಂಪು ಹೊಡೆಯುವ ಕೆಲಸ ನನ್ನ ಪಾಲಿಗೆ ಬಂತು. ಪದ್ಯ ಹೇಳುವ ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೊಡೆದೆ. ಅದೇ ಆಸಿಡ್ ತುಂಬಿದ ಇನ್ನೊಂದು ಬಾಟಲಿಯನ್ನು ಮಾತ್ರ ಅವರು ಕೆಳಗೆ, ಒಬ್ಬ ಅಜ್ಜಿಯ ಜಗಲಿಯ ಮೇಲೆ ಬಿಟ್ಟಿದ್ದರು. "ಹೊಗೆ ಹಾಯಿಸದ ಅದು ತಿಳಿಯಾಗೇ ಉಳಿದ್ರೆ ಮಾತ್ರ ಈ ಹೊಗೆ ಬಾಟ್ಲಿ ಹೇಳೋದು ನಿಜ" ಎಂದರು.

ಕಾಲೇಜಿಗೆ ಬಂದು ಬಣ್ಣ ತೋರಿಸುವ ಔಷಧಿ ಬೆರೆಸಿದರು. ಅಮೋನಿಯ ಇದ್ದರೆ ಹಳದಿ, ಹೆಚ್ಚಿದ್ದರೆ ಕಂದು. ಹೊಗೆಯ ಬಾಟಲಿ ಕಂದಾಯಿತು. "ಸಿಕ್ಕಿಬಿದ್ದ ನೋಡ್ರಿ!" ಎಂದು ಜೊತೆಗೆ ಬಂದಿದ್ದ ಊರ ಹಿರಿಯರು ಕುಣಿದರು. ಆಮೇಲೆ ಜಗಲಿಯ ಬಾಟಲಿಯೂ ಕಂದಾಯಿತು. ಮೂಗುಬೊಟ್ಟು ಅಲುಗಿತು. ಎರಡೂ ಬಾಟಲಿ ಹಿಡಿದು ಮೇಡಂ ಮತ್ತೆ ಹಳ್ಳಿಗೆ ಹೊರಟರು.

"ಅಜ್ಜಿ, ಇದಕ್ಕೇನಾದ್ರೂ ಮಾಡಿದ್ರಾ?"

"ಏನಿಲ್ಲ ಕಣವ್ವಾ. ಒಳ್ಳೆ ಕೆಲ್ಸಕ್ಕೆ ಬಂದಿರೋ ಸಾಮಾನು ಅಂತ, ನೀವು ಏಣಿ ಹತ್ತೋ ಮುಂಚೆ ಎಲ್ಲಾ ಬಾಟ್ಲಿಗೂ ಒಂಚೂರು ಗಂಜಲ ಚಿಮುಕ್ಸಿದೆ."

ಅಯ್ಯೋ ಶಿವನೇ! ದನದ ಗಂಜಲದ ತುಂಬ ಅಮೋನಿಯ. ನನಗೆ ನಗು ಉಕ್ಕಿ ಬಂತು; ಹಿರಿಯರಿಗೆ ಬರಲಿಲ್ಲ. "ಅದು ಯಾರಿಗ್ ಗೊತ್ತಾಗ್ತೈತ್ರಿ? ಕಂದು ಬಂದೈತಲ್ಲ, ಬರ್ಕೊಟ್ ಬಿಡ್ರಿ" ಎಂದರು.

ಮೇಡಂ ಎರಡನ್ನೂ ಅಲ್ಲೇ ಚೆಲ್ಲಿಬಿಟ್ಟರು. "ಇವತ್ತು ಸುಳ್ಳು ಬಾಟ್ಲಿ ತೋರ್ಸಿದ್ರೆ, ನಾಳೆ ನಿಮ್ಮ ಮಕ್ಕಳ ಕಣ್ಣೀರನ್ನೂ ಅವ್ನು ಸುಳ್ಳು ಅಂತಾನೆ ಕಣ್ರೀ."

ಮೇಡಂ ಮಾಲೀಕನ ಕಡೆ ಸೇರಿದರು ಎಂದು ಗುಸುಗುಸು ಎದ್ದಿತು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ನೇರ ಮಾಲೀಕನ ಬಳಿ ಹೋಗಿ ಗಂಜಲದ ಕಥೆಯನ್ನು ತಾವೇ ಹೇಳಿದರು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕ ಮೇಲೆ ಇನ್ನೊಂದು ಸಲ ಅಳೆಯುವುದು ಬೇಡ ಎನ್ನುವುದು ಹೇಗೆ?

ಮಂಡಿ ನೋವಿಗೆ ಬಟ್ಟೆ ಬಿಗಿದುಕೊಂಡು ಮೇಡಂ ಮತ್ತೆ ಏಣಿ ಹತ್ತಿದರು. ಜಗಲಿಯ ಬಾಟಲಿಗೆ ಈ ಸಲ ಅಜ್ಜಿಯದೇ ಕಾವಲು. ನೊಣ ಬಂದರೂ ಸೆರಗು ಬೀಸಿ ಓಡಿಸುತ್ತಿದ್ದಳು. ಮಾಲೀಕನ ಕಣ್ಣೆದುರೇ ಔಷಧಿ ಬಿತ್ತು. ಹೊಗೆಯದು ಕಂದು, ಅಜ್ಜಿಯದು ಬಾವಿಯ ನೀರಿನಷ್ಟು ತಿಳಿ. "ಮೊದಲ್ನೇದನ್ನೇ ತೋರ್ಸಿದ್ರೆ ನಾನು ನಂಬ್ತಿರ್ಲಿಲ್ಲ ಮೇಡಂ" ಎಂದವನು ಬೆಂಕಿ ಆರಿಸಲು ಆಳುಗಳಿಗೆ ಹೇಳಿದ.

ಈಗಲೂ ಯಾರ ಮೇಲಾದರೂ ಸಿಟ್ಟು ನೆತ್ತಿಗೇರಿದರೆ, ಆ ತಿಳಿ ಬಾಟಲಿ ನೆನಪಾಗಿ ನಾಲಿಗೆ ತಡೆಯುತ್ತೇನೆ. ಅದು ಅವರು ನನಗೆ ಕಲಿಸಿದ ಪಾಠ.

ಕೆಲವು ವರ್ಷಗಳ ಮೇಲೆ ಮೇಡಂ ತೀರಿಕೊಂಡರು. ಮಣ್ಣು ಮುಗಿಸಿ ಅವರ ಮನೆಗೆ ಬಂದಾಗ, ಶುದ್ಧಿಗೆಂದು ಯಾರೋ ಮನೆಯೆಲ್ಲ ಗಂಜಲ ಚಿಮುಕಿಸುತ್ತಿದ್ದರು. ಮೇಡಂ ತಮ್ಮ ಬಾಟಲಿಗಳನ್ನು ಜೋಡಿಸಿಟ್ಟಿದ್ದ ಕಪಾಟಿನ ಹತ್ತಿರ ಬಂದದ್ದೇ, ಮೂಲೆಯಲ್ಲಿ ಕೂತಿದ್ದ ಆ ಜಗಲಿಯ ಅಜ್ಜಿ ಎದ್ದು ಬಂದು ಕೈ ಅಡ್ಡ ಹಿಡಿದಳು.

"ಅಲ್ಲಿ ಬ್ಯಾಡ ಕಣಪ್ಪಾ. ನಮ್ ಮೇಡಮ್ಮ ಬೈತಾರೆ."

ಅಷ್ಟು ಹೊತ್ತೂ ತಡೆದುಕೊಂಡಿದ್ದವನು ಆಗ ಅತ್ತುಬಿಟ್ಟೆ.