ಒಂಟಿ ಎಲೆಗೆ ಅರಿಶಿನ ಕುಂಕುಮ

ನನ್ನ ಭಾಮೈದನಿಗೆ ಪಂಚನಹಳ್ಳಿಯಲ್ಲಿ ತೆಂಗಿನ ತೋಟವಿದೆ. ಮೇ ತಿಂಗಳ ಮೊದಲ ಮಳೆ ಬಿದ್ದ ಮೇಲೆ ಅದರ ಬೇಲಿಮೂಲೆಯಲ್ಲಿ ಎಲೆಯೇ ಇಲ್ಲದ ಕಡ್ಡಿಯೊಂದು ನೆಲದಿಂದೆದ್ದು ತಿಳಿಗುಲಾಬಿ ಹೂ ಬಿಟ್ಟಿತ್ತು. ನೆಲದ ಆರ್ಕಿಡ್! ಕಡೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳುವ ನಾನು ಅಲ್ಲೇ ಮಂಡಿಯೂರಿ ಕೂತೆ. ಏಳಲು ಬೇಲಿಗೂಟ ಹಿಡಿಯಬೇಕಾಯಿತು. ಕೆಲವೇ ದಿನಗಳಲ್ಲಿ ಹೂ ಬಾಡಿತು, ಕಡ್ಡಿಯೂ ಮಾಯ. ಮಳೆಗಾಲಕ್ಕೆ ಅದೇ ಜಾಗದಲ್ಲಿ ಹೃದಯದಾಕಾರದ ಒಂಟಿ ಎಲೆಗಳು ಮೂಡಿದವು, ಹೂವಿಲ್ಲದೆ.

"ಈ ಎಲೆ ಆ ಹೂವಿಂದೇ" ಎಂದೆ.

"ಯಾವ್ದೋ ಕಳೆ ಕಣ್ರೀ ಭಾವ. ಒಂದೇ ಮನೇಲಿದ್ಕೊಂಡು ಮುಖ ನೋಡ್ದೆ ಇರಕ್ಕೆ ಅವೇನು ಗಂಡ ಹೆಂಡ್ತೀನಾ?"

ದೀಪಾವಳಿ ಕಳೆದ ಮೇಲೆ ಜೆಸಿಬಿ ತರಿಸಿ ಆ ಮೂಲೆಯಲ್ಲೂ ತೆಂಗಿನ ಸಸಿಗೆ ಗುಂಡಿ ತೆಗೆಸುವುದು ಅವನ ನಿಶ್ಚಯ. "ಆ ಹೂವಿಂದೇ ಅಂತ ರುಜುವಾತು ಮಾಡಿ, ಮೂಲೆ ಬಿಟ್ಬಿಡ್ತೀನಿ. ಇಲ್ದಿದ್ರೆ ಗುಂಡಿನೇ."

ರುಜುವಾತಿಗೆ ಉಳಿದ ದಾರಿ ಡಿಎನ್‌ಎ ಒಂದೇ. ಮೇ ತಿಂಗಳ ಹೂವಿನ ಒಂದು ಎಸಳನ್ನು ತೇವ ಹೀರುವ ಹರಳುಗಳ ಜೊತೆ ಸಣ್ಣ ಶೀಷೆಯಲ್ಲಿ ಒಣಗಿಸಿಟ್ಟಿದ್ದೆ. ಎಲೆಯ ಚೂರನ್ನೂ ಹಾಗೇ ಇಟ್ಟೆ. ಬೆಂಗಳೂರಿನ ಪ್ರಯೋಗಾಲಯದಲ್ಲಿರುವ ಹಳೆಯ ಸಹಪಾಠಿಯೊಬ್ಬ ಎರಡನ್ನೂ ಓದಿಕೊಡಲು ಒಪ್ಪಿದ್ದ. ಆದರೆ ಚಿಂತೆ ಮಾಡುವುದು ನನಗೆ ಉಸಿರಾಡಿದಷ್ಟೇ ಸಹಜ. ತೇವ ಹೋಯಿತೋ ಇಲ್ಲವೋ ಎಂದು ದಿನಾ ಮುಚ್ಚಳ ತೆಗೆದು ನೋಡುತ್ತಲೇ ಆಯುಧಪೂಜೆ ಬಂದುಬಿಟ್ಟಿತು.

ಅಂದು ಸ್ನಾನ ಮುಗಿಸಿ ಬಂದು ನೋಡಿದೆ. ಸ್ಕೂಟರು, ಮಿಕ್ಸಿ, ಫ್ರಿಜ್ಜುಗಳ ಸಾಲಿನಲ್ಲಿ ನನ್ನ ಶೀಷೆಗಳೂ ಅರಿಶಿನ ಕುಂಕುಮ ಇಟ್ಟುಕೊಂಡು, ಚೆಂಡುಹೂ ಮುಡಿದು ಕೂತಿದ್ದವು. ಹೂವಿನ ಶೀಷೆಯ ಮುಚ್ಚಳ ಸರಿದು ಎಸಳಿನ ಮೇಲೆಲ್ಲ ಅರಿಶಿನ.

"ಏನ್ ಮಾಡ್ಬಿಟ್ಟೆ ಕಣೇ!"

"ನಿಮ್ಮ ಆಯುಧ ಅದೇ ತಾನೇ? ನನ್ನ ಮುಖ ನೋಡಿದ್ದಕ್ಕಿಂತ ಜಾಸ್ತಿ ಅದನ್ನೇ ನೋಡ್ತಿದ್ರಿ" ಎಂದಳು ಹೆಂಡತಿ. "ಮುಚ್ಚಳ ಸಡಿಲ ಬಿಟ್ಟೋರ್ಯಾರು?"

ನಾನೀಗ ಮುಚ್ಚಳ ಬಿಗಿ ಮಾಡಿದೆ. ಅರಿಶಿನವೂ ಗಿಡವೇ, ಅದಕ್ಕೂ ತನ್ನದೇ ಡಿಎನ್‌ಎ ಇದೆ, ಹೂವಿನದರ ಜೊತೆ ಬೆರೆತುಬಿಡುತ್ತದೆ. ಇನ್ನೊಂದು ಎಸಳು ಬೇಕೆಂದರೆ ಮುಂದಿನ ಮೇ ತಿಂಗಳು. ಅಷ್ಟರಲ್ಲಿ ಆ ಮೂಲೆಯೇ ಇರುವುದಿಲ್ಲ. ಸಹಪಾಠಿಗೆ ಫೋನು ಮಾಡಿದೆ. ಅವನು ಮನಸಾರೆ ನಕ್ಕು, "ಕಳ್ಸೋ ಲೇ, ಒರೆಸಿ ನೋಡಣ" ಎಂದ. ಕಳಿಸಿದೆ. ಪಂಚನಹಳ್ಳಿಯಲ್ಲಿ ಅರಿಶಿನ ಹೂ ಬಿಟ್ಟಿದೆ ಎಂದು ವರದಿ ಬಂದಂತೆ ಕನಸು ಬೀಳತೊಡಗಿತು.

ಜೆಸಿಬಿ ಬರುವ ಹಿಂದಿನ ದಿನ ತರೀಕೆರೆಯಲ್ಲಿ ಅಜ್ಜಂಪುರದ ನೆಂಟರ ಮದುವೆ. ಪಂಕ್ತಿಯಲ್ಲಿ ಪಾಯಸ ಬೀಳುವ ಹೊತ್ತಿಗೆ ಫೋನು ಬಂತು.

"ಲೇ, ಎರಡೂ ಒಂದೇ ಗಿಡ ಕಣೋ! ಓದಿದ ಭಾಗದಲ್ಲಿ ಒಂದಕ್ಷರಾನೂ ಹೆಚ್ಚುಕಮ್ಮಿ ಇಲ್ಲ. ನಿಮ್ಮನೆ ಅರಿಶಿನಾನೂ ಬಂದಿತ್ತು, ಬೇರೆ ಮಾಡಿದ್ವಿ. ಕೋಟ್ಯಂತರ ತಲೆಮಾರು ಹಿಂದಕ್ಕೋದ್ರೆ ಅದೂ ಆರ್ಕಿಡ್ಡಿನ ದೂರದ ನೆಂಟನೇ ಬಿಡು."

ಅವನು ನಿಲ್ಲಿಸಲಿಲ್ಲ. ಹಳೆಯ ಪುಸ್ತಕಗಳು ಹೂವಿನ ಮೂತಿ ನೋಡಿ ಇಂಥ ಒಂಟಿ ಎಲೆಯ ಗಿಡಗಳ ಗುಂಪನ್ನು ಆರ್ಕಿಡ್ ವಂಶವೃಕ್ಷದ ಒಂದು ಕೊಂಬೆಯಲ್ಲಿ ಕೂರಿಸಿದ್ದವಂತೆ. ಡಿಎನ್‌ಎ ಅದನ್ನು ಎಬ್ಬಿಸಿ ಬೇರೆಯದೇ ಕೊಂಬೆಗೆ ಕಳಿಸಿದೆಯಂತೆ. ನಮ್ಮ ಬೇಲಿಮೂಲೆಯದೂ ಆ ಕೊಂಬೆಯದೇ! ನಾನು ಪಂಕ್ತಿಯ ನಡುವೆ ಎದ್ದು ನಿಂತಿದ್ದೆ, ಕೈಯಿಂದ ಪಾಯಸ ತೊಟ್ಟಿಕ್ಕುತ್ತಿತ್ತು.

"ಯಾಕ್ರೀ, ಕೆಟ್ಟ ಸುದ್ದೀನಾ?" ಎಂದರು ಪಕ್ಕದವರು.

"ಇಲ್ಲ! ಒಂದೇ ಗಿಡವಂತೆ!"

ಅವರು ತಮ್ಮ ಎಲೆಯನ್ನು ಮೆಲ್ಲಗೆ ಅತ್ತ ಎಳೆದುಕೊಂಡರು. ನಾನು ಅಲ್ಲಿಂದಲೇ ಭಾಮೈದನಿಗೆ ಫೋನು ಮಾಡಿ ಕೂಗಿ ಹೇಳಿದೆ. "ಹೌದಾ?" ಎಂದವನು ಫೋನಿಟ್ಟುಬಿಟ್ಟ.

ಬೆಳಿಗ್ಗೆ ಸ್ಕೂಟರಿನಲ್ಲಿ ಪಂಚನಹಳ್ಳಿಗೆ ಓಡಿದೆ. ಮೂಲೆಗೆ ಹೋಗಿ ನೋಡಿದೆ. ಎಲೆಗಳೂ ಒಣಗಿ ಹೋಗಿದ್ದವು, ಗೆಡ್ಡೆ ನೆಲದಡಿ, ಮೇಲೆ ಬರೀ ಮಣ್ಣು. ಬರೀ ಮಣ್ಣನ್ನು ತೋರಿಸಿ ಯಾರನ್ನು ತಡೆಯಲಿ? ಜೆಸಿಬಿಯ ಡ್ರೈವರು ಬಗ್ಗಿ ನೋಡಿ, "ಇಲ್ಲೇನೈತೆ ಸಾರ್?" ಎಂದ.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಭಾಮೈದನ ದನಿ ಬಂತು. "ಹೂವೈತೆ ಕಣಪ್ಪಾ, ಒಳಗೆ ಮಲ್ಗೈತೆ. ನೀನು ಆ ಕಡೆಯಿಂದ ತಿರುಗಿಸ್ಕೋ."

ಯಂತ್ರ ಗುಡುಗುತ್ತ ಅತ್ತ ತಿರುಗಿತು. ಮೇ ತಿಂಗಳಲ್ಲಿ ಅದು ಏಳುತ್ತದೋ ಇಲ್ಲವೋ ಎಂಬ ಹೊಸ ಚಿಂತೆ ಆಗಲೇ ಶುರುವಾಗಿತ್ತು, ಹಾಯಾಗಿ.